ಇಬ್ಬರು ಹೆಂಗಸರು ಚಹಾ ಕುಡಿಯುವ ಚಿತ್ರ

ಹಿಂಡೆಲೋಪನ್, 1767 ಮಾರ್ಚ್ 9

ಗಾಳಿ ನೈಋತ್ಯದಿಂದ, ಹದವಾಗಿದೆ. ಮೋಡ.

ಹಡಗಿನ ದಿನಚರಿ ಬರೆದು ರೂಢಿಯಾದ ಕೈ, ಹಾಸಿಗೆ ಹಿಡಿದರೂ ಸುಮ್ಮನಿರುವುದಿಲ್ಲ. ಬಲಗಾಲು ಮಂಡಿಯ ಕೆಳಗೆ ಮುರಿದಿದೆ. ಕಡಲಿನಲ್ಲಿ ಮುರಿದಿದ್ದರೆ ನಾಲ್ಕು ಜನರೆದುರು ಹೇಳಿಕೊಳ್ಳಬಹುದಿತ್ತು. ಚರ್ಚಿನ ಮೆಟ್ಟಿಲ ಮೇಲೆ ಹಿಮ ಕರಗಿದ ನೀರಿಗೆ ಜಾರಿ, ಪಾದ್ರಿಯ ಹೆಂಡತಿಯ ಕಾಲ ಬುಡದಲ್ಲೇ ಬಿದ್ದೆ.

ಮೂಳೆ ಕಟ್ಟುವವನು ಬಂದು ಹಲಗೆ ಕಟ್ಟಿ ಹೋದ. ಈ ವರ್ಷ ಕಡಲಿನ ಮಾತೇ ಎತ್ತಬೇಡಿ ಎಂದ. ಆಮ್ಸ್ಟರ್‌ಡ್ಯಾಮಿನ ಮಾಲೀಕರಿಗೆ ತಿಳಿಸಿದ್ದಾಯಿತು. ನನ್ನ 'ಯುವ ಟೋಬಿಯಾಸ್' ಹಡಗನ್ನು ಈ ಸಲ ನನ್ನ ಕೈಕೆಳಗಿನ ಸೀಬ್ರೆನ್ ನಡೆಸುತ್ತಾನೆ. ಒಳ್ಳೆಯ ಹುಡುಗ. ಆದರೆ ಹಾಯಿ ಇಳಿಸಬೇಕಾದಾಗ ಇಳಿಸುವುದಿಲ್ಲ.

ಮಾರ್ಚ್ 23

ಗಾಳಿ ದಕ್ಷಿಣ. ಹೊರಡುವುದಕ್ಕೆ ಹೇಳಿ ಮಾಡಿಸಿದ ದಿನ.

ಸೀಬ್ರೆನ್ ಹೇಳಿ ಹೋಗಲು ಬಂದಿದ್ದ. ಹಿಂದೆ ಅವನ ಹೆಂಡತಿ ಆಫ್ಕೆ. ಹೋದ ವರ್ಷವಷ್ಟೇ ಮದುವೆಯಾದವಳು, ನಮ್ಮ ಪಕ್ಕದ ಮನೆ. ಗಾಟ್‌ಲಂಡ್ ದ್ವೀಪದ ಹತ್ತಿರದ ಬಂಡೆಗಳು, ರೀಗಾ ಬಂದರಿನ ಕಳ್ಳ ತೂಕದವರು, ಎಲ್ಲವನ್ನೂ ವಿವರವಾಗಿ ಹೇಳಿದೆ. ಅವನು ಹೂಂ ಹೂಂ ಎನ್ನುತ್ತಲೇ ಕಿಟಕಿಯಾಚೆ ನೋಡುತ್ತಿದ್ದ. ನಾನೂ ಆ ವಯಸ್ಸಿನಲ್ಲಿ ಹಾಗೇ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಊರು ಖಾಲಿ. ಗಂಡಸರೆಂದರೆ ಪಾದ್ರಿ, ಬೇಕರಿಯವನು, ಬಂದರಿನ ಬಾಗಿಲು ಕಾಯುವವನ ಮನೆಮುಂದಿನ ಬೆಂಚಿನ ಮೇಲೆ ಕೂತು ಸುಳ್ಳು ಹೇಳುವ ಮುದುಕರು, ಮತ್ತು ನಾನು.

ಏಪ್ರಿಲ್ 14

ಗಾಳಿ ಈಶಾನ್ಯ, ಚಳಿ.

ಗಂಡಸರು ಹೊರಟ ಮೇಲೆ ನಮ್ಮೂರ ಹೆಂಗಸರು ದೊಡ್ಡ ಮನೆಯನ್ನು ತೊಳೆದು ಒರೆಸಿ ಬಾಗಿಲು ಹಾಕಿ, ಹಿತ್ತಲಲ್ಲಿ ಕಾಲುವೆ ದಂಡೆಯ ಪುಟ್ಟ ಮನೆಗೆ ಹೋಗಿ ಬೇಸಿಗೆ ಕಳೆಯುತ್ತಾರೆ. ಇದು ಗೊತ್ತಿದ್ದ ವಿಷಯವೇ. ಕಣ್ಣಾರೆ ಕಂಡದ್ದು ಮಾತ್ರ ಇವತ್ತು. ನನ್ನ ಹೆಂಡತಿ ರಿನ್ಸ್ಕೆ ಬೆಳಿಗ್ಗೆಯಿಂದ ಪಿಂಗಾಣಿ ತಟ್ಟೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

"ಏನಿದು?" ಅಂದೆ.

"ಹಿತ್ತಲ ಮನೆಗೆ ಹೋಗ್ತಿದೀನಿ."

"ನಾನು ಇಲ್ಲಿದೀನಲ್ಲ ಮಾರಾಯ್ತಿ!"

"ನಿನ್ನನ್ಯಾರು ಬೇಡ ಅಂದ್ರು? ನೀನೂ ಬಾ. ನಾನಂತೂ ಇಷ್ಟು ದೊಡ್ಡ ಮನೇನ ಬೇಸಿಗೇಲೂ ಉಜ್ಜಿಕೊಂಡು ಕೂರಲ್ಲ."

ಮನೆ ಯಜಮಾನ ಹಿತ್ತಲಲ್ಲಿ ಮಲಗುವುದು ಎಲ್ಲಿಯ ಮಾತು ಅಂದೆ. "ಹಾಗಾದ್ರೆ ಯಜಮಾನರು ಇಲ್ಲೇ ಇರಲಿ. ಊಟ ತಂದ್ಕೊಡ್ತೀನಿ," ಎಂದು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು.

ಏಪ್ರಿಲ್ 19

ಗಾಳಿ ಪೂರ್ವ. ದೊಡ್ಡ ಮನೆ. ರೈ ರೊಟ್ಟಿ, ಬೆಣ್ಣೆ, ತಣ್ಣಗಾದ ಬಟಾಣಿ. ಹಿತ್ತಲಿಂದ ನಗು ಕೇಳಿಸಿತು. ಮೊದಲು ಯಾರದೆಂದು ತಿಳಿಯಲಿಲ್ಲ. ರಿನ್ಸ್ಕೆಯದು.

ಏಪ್ರಿಲ್ 27

ಗಾಳಿ ವಾಯವ್ಯ.

ದೊಡ್ಡ ಮನೆಯ ಒಲೆ ಹೊಗೆ ಕಾರುತ್ತಿದೆ. ಆ ಕಾರಣಕ್ಕೆ ಊರುಗೋಲು ಹಿಡಿದು ಹಿತ್ತಲ ಮನೆಗೆ ಬಂದೆ. ಒಂದೇ ಕೋಣೆ. ಗೋಡೆಯೊಳಗೆ ಬಾಗಿಲಿರುವ ಮಂಚ, ಕಿಟಕಿಯ ಕೆಳಗೆ ಮೇಜು, ಮೇಜಿನ ಆಚೆ ನೀರು. ನನ್ನ ಹಡಗಿನ ಕೋಣೆಗಿಂತ ದೊಡ್ಡದೇನಲ್ಲ. ತಲೆ ಎರಡು ಸಲ ತೊಲೆಗೆ ಬಡಿಯಿತು.

"ಬಗ್ಗೋದು ಕಲಿ," ಎಂದಳು ರಿನ್ಸ್ಕೆ.

ಮೇ 9

ಗಾಳಿ ಪಶ್ಚಿಮ. ಜಗಳ.

ಅವಳು ಹಾಲಿಗೆಂದು ಹೋದಾಗ ಕಪಾಟನ್ನು ಸರಿಮಾಡಿದೆ. ಹಡಗಿನಲ್ಲಿ ಭಾರದ ವಸ್ತು ಕೆಳಗೆ, ಹಗುರದ್ದು ಮೇಲೆ. ಅದೇ ಪ್ರಕಾರ ಜೋಡಿಸಿದೆ. ಅವಳು ಬಂದು ಕಪಾಟಿನ ಬಾಗಿಲು ತೆರೆದಳು.

"ಈ ಮನೆ ಎಲ್ಲಿಗಾದ್ರೂ ಹೊರಟಿದೆಯಾ ಲೋಲ್ಕೆ?"

"ಇಲ್ಲ."

"ಅಲೆಗೆ ಓಲಾಡುತ್ತಾ?"

"ಇಲ್ಲ."

"ಮತ್ತೆ ನನ್ನ ಉಪ್ಪಿನ ಜಾಡಿ ಯಾಕೆ ನೆಲದ ಮೇಲೆ ಕೂತಿದೆ?"

ಎಲ್ಲವನ್ನೂ ಮೊದಲಿದ್ದ ಹಾಗೇ ಇಟ್ಟಳು. ನೋಡುತ್ತ ಕೂತೆ. ಅವಳು ಕಣ್ಣು ಹಾಯಿಸದೆ ಕೈ ಚಾಚಿದರೆ ಬೇಕಾದದ್ದು ಕೈಗೆ ಬರುತ್ತದೆ. ಅದನ್ನು ಮೊದಲೇ ನೋಡಿದ್ದರೆ ಮುಟ್ಟುತ್ತಿರಲಿಲ್ಲ.

ಮೇ 21

ಮಧ್ಯಾಹ್ನದ ಹೊತ್ತಿಗೆ ಆಫ್ಕೆ ಹೊಲಿಗೆ ಹಿಡಿದು ಬರುತ್ತಾಳೆ. ಇಬ್ಬರೂ ಕಿಟಕಿಯ ಹತ್ತಿರ ಕೂತು, ಕಲ್ಲುಸಕ್ಕರೆ ಕಚ್ಚಿ ಚಹಾ ಕುಡಿಯುತ್ತಾರೆ. ನಾನು ಒಳಗೆ ಬಂದರೆ ಮಾತು ನಿಂತುಹೋಗುತ್ತದೆ. ಇವತ್ತು ಕೇಳಿಯೇಬಿಟ್ಟೆ: "ನಾನು ಬಂದಾಗ ಯಾಕೆ ಸುಮ್ಮನಾಗ್ತೀರಿ?"

ಆಫ್ಕೆ ಕೆಂಪಾದಳು. ರಿನ್ಸ್ಕೆ ಮಾತ್ರ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ನಿನ್ನ ಬಗ್ಗೇನೇ ಮಾತಾಡ್ತಿರ್ತೀವಿ ಅಂತ ಹೆದರಬೇಡ. ನೀನಿಲ್ಲದೆ ಇರೋದು ನಮಗೆ ರೂಢಿ. ಇರೋದೇ ಹೊಸದು."

ಸ್ವಲ್ಪ ಹೊತ್ತು ಹೊರಗೆ ಕಾಲುವೆಯ ಮೆಟ್ಟಿಲ ಮೇಲೆ ಕೂತಿದ್ದೆ. ಬಾತುಕೋಳಿಗಳು.

ಜೂನ್ 11

ಹಾರ್ಲೆಮ್ ಊರಿನಿಂದ ಒಬ್ಬ ಚಿತ್ರಗಾರ ಬಂದಿದ್ದಾನೆ. ವೌಟರ್ ಬ್ರಾಮ್ ಎಂದು ಹೆಸರು. ಸಣಕಲು ಮನುಷ್ಯ, ಸದಾ ನೆಗಡಿ. ಆಮ್ಸ್ಟರ್‌ಡ್ಯಾಮಿನ ಯಾರೋ ದೊಡ್ಡವರಿಗೆ ನಮ್ಮೂರ ಹೆಂಗಸರ ಬೇಸಿಗೆ ಮನೆಯ ಚಿತ್ರ ಬೇಕಂತೆ. ಊರೆಲ್ಲ ತಿರುಗಿ ನಮ್ಮ ಕಿಟಕಿಯ ಬೆಳಕನ್ನೇ ಮೆಚ್ಚಿದ. ಆಫ್ಕೆ ಮತ್ತು ರಿನ್ಸ್ಕೆ ಚಹಾ ಕುಡಿಯುತ್ತ ಕೂತಿರುವುದನ್ನು ಬರೆಯುತ್ತೇನೆಂದ. ನಾನೂ ಅಂಗಿ ಬದಲಾಯಿಸಿ ಬಂದು ಮೇಜಿನ ತುದಿಗೆ ಕೂತೆ.

ಅವನು ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನೋಡಿದ. "ಕಪ್ತಾನರೇ, ಬೇಜಾರು ಮಾಡ್ಕೋಬೇಡಿ. ಬೇಸಿಗೇಲಿ ಇಲ್ಲಿ ಗಂಡಸು ಇರ್ತಾರಾ?"

"ಇರಲ್ಲ," ಎಂದಳು ರಿನ್ಸ್ಕೆ.

"ನಾನು ಇದೀನಲ್ಲ!"

"ಕಾಲು ಮುರೀದೇ ಇದ್ದಿದ್ರೆ?"

ಎದ್ದು ಬಂದು ಚಿತ್ರಗಾರನ ಬೆನ್ನ ಹಿಂದಿನ ಸ್ಟೂಲಿನಲ್ಲಿ ಕೂತೆ. ಆಫ್ಕೆಗೆ ನಗು ತಡೆಯಲಾಗಲಿಲ್ಲ. ಆ ದಿನ ಬರೆದ ಗೆರೆಯೆಲ್ಲ ಅಳಿಸಬೇಕಾಯಿತಂತೆ.

ಜೂನ್ 18

ಚಿತ್ರಗಾರ ಬಿಸಿಲಿದ್ದ ದಿನ ಬರುತ್ತಾನೆ. ಕೆಂಪು ಸೀಮೆಸುಣ್ಣದಲ್ಲಿ ಮೊದಲು, ಆಮೇಲೆ ತೆಳು ಕಂದು ಮಸಿ. ಇಷ್ಟು ನಿಧಾನದ ಕೆಲಸವನ್ನು ನಾನು ನೋಡಿಲ್ಲ. ಬೇರೆ ಕೆಲಸವಿಲ್ಲದ ಕಾರಣ ಅವನು ನೋಡಿದ್ದನ್ನೇ ನಾನೂ ನೋಡುತ್ತೇನೆ.

ರಿನ್ಸ್ಕೆಯ ಎಡಗೈ ಬೆರಳ ಮೇಲೆ ಸುಟ್ಟ ಗಾಯದ ಗುರುತಿದೆ. ಯಾವಾಗ ಆದದ್ದೆಂದು ಕೇಳಿದೆ. "ನಿನ್ನ ಮಗಳು ಅಂಬೆಗಾಲಿಡ್ತಿದ್ದಾಗ," ಎಂದಳು. ಆ ಮಗಳು ಈಗ ವೋರ್ಕಮ್‌ನಲ್ಲಿ ಎರಡು ಮಕ್ಕಳ ತಾಯಿ.

ಜುಲೈ 3

ಆಮ್ಸ್ಟರ್‌ಡ್ಯಾಮಿನ ಪತ್ರಿಕೆ ಬಂತು. ಡೆನ್ಮಾರ್ಕಿನ ಹೆಲ್ಸಿಂಗೋರ್ ಜಲಸಂಧಿ ದಾಟಿ ಬಂದ ಹಡಗುಗಳ ಹೆಸರು ಅದರಲ್ಲಿ ಹಾಕುತ್ತಾರೆ. ಬೇಕರಿಯ ಮುಂದೆ ಪಾದ್ರಿ ಓದಿದ, ಹೆಂಗಸರು ಬುಟ್ಟಿ ಹಿಡಿದು ನಿಂತು ಕೇಳಿದರು. ಯುವ ಟೋಬಿಯಾಸ್ ಇಲ್ಲ. ರೀಗಾದಲ್ಲಿ ಸರಕು ತುಂಬುವುದು ತಡವಾಗಿರಬೇಕು ಎಂದು ಆಫ್ಕೆಗೆ ಹೇಳಿದೆ. ಅದು ನಿಜವೂ ಇರಬಹುದು.

ಜುಲೈ 9

ಬಂದರಿನ ಬೆಂಚಿನ ಹತ್ತಿರ ಹೋಗಿದ್ದೆ. ಮಕ್ಕುಮ್ ಊರಿನ ಒಬ್ಬ ಕಪ್ತಾನ ಬಂದಿಳಿದಿದ್ದ. ಗಾಟ್‌ಲಂಡ್ ಆಚೆ ಮೂರು ದಿನ ಕೆಟ್ಟ ಗಾಳಿಯಂತೆ. ನಡುಗಂಬ ಮುರಿದು, ಹಾಯಿ ಹರಿದು ನೀರಿಗೆ ಬಿದ್ದ ಹಡಗೊಂದನ್ನು ದೂರದಿಂದ ಕಂಡನಂತೆ. ಹಿಂಬದಿಗೆ ಹಸಿರು ಬಣ್ಣ. ಮಳೆ ಮುಸುಕಿ ಮತ್ತೆ ಕಾಣಲಿಲ್ಲವಂತೆ.

"ನಿನ್ನ ಟೋಬಿಯಾಸ್ ಹಿಂದೆ ಹಸಿರಲ್ವಾ?" ಎಂದ ಮುದುಕ ಫೆಡ್ಡೆ.

"ಹಸಿರು ಬಳಿದ ಹಡಗು ಬೇಕಾದಷ್ಟಿವೆ."

ಖಚಿತವಿಲ್ಲದ್ದನ್ನು ಹೇಳಿ ಹೆಂಗಸರನ್ನು ಹೆದರಿಸುವುದು ಸರಿಯಲ್ಲ. ಹಡಗಿನಲ್ಲೂ ಹಾಗೆ, ತಳದಲ್ಲಿ ನೀರು ಬಂದರೆ ಮೊದಲು ನಾನೊಬ್ಬನೇ ಇಳಿದು ನೋಡುತ್ತೇನೆ. ಬೆಂಚಿನವರಿಗೂ ಬಾಯಿ ಮುಚ್ಚಿಕೊಂಡಿರಿ ಎಂದೆ. ಮಧ್ಯಾಹ್ನ ಆಫ್ಕೆ ಎಂದಿನಂತೆ ಬಂದಳು. ಚಿತ್ರಗಾರ ಅವಳ ಟೋಪಿಯ ಜರಿ ಬರೆಯುತ್ತಿದ್ದ.

ಏಪ್ರಿಲಿನಲ್ಲಿ ಸೀಬ್ರೆನ್ ಒಂದು ಪೆಟ್ಟು ತಿಂದು ಬರಲಿ, ಆಗ ನನ್ನ ಬೆಲೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಬರೆದಿಡುತ್ತಿದ್ದೇನೆ, ಅಷ್ಟೆ.

ಜುಲೈ 11

ರಿನ್ಸ್ಕೆಗೆ ಬೇಕರಿಯಲ್ಲಿ ಸುದ್ದಿ ಸಿಕ್ಕಿತು. ಬಂದವಳೇ ರೊಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಿನಗೆ ಗೊತ್ತಿತ್ತು."

"ಏನೂ ಖಚಿತ ಇಲ್ಲ ರಿನ್ಸ್ಕೆ. ಹಸಿರು ಬಣ್ಣ ನೋಡಿ—"

"ಖಚಿತ ಆದ್ಮೇಲೆ ಹೇಳೋಕೆ ನೀನ್ಯಾಕೆ ಬೇಕು? ಪಾದ್ರಿ ಕರೀ ಕೋಟು ಹಾಕ್ಕೊಂಡು ಬರ್ತಾರೆ!"

ಅವಳು ಈ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಹಡಗಲ್ಲಿ ಏನು ಬೇಕಾದ್ರೂ ಮುಚ್ಚಿಟ್ಕೋ, ನಾನು ಕೇಳಲ್ಲ. ಅಲ್ಲಿ ನಿನ್ನ ಹತ್ರ ಹಗ್ಗ ಇದೆ, ಚುಕ್ಕಾಣಿ ಇದೆ, ಏನೋ ಮಾಡ್ತೀಯ. ನಮ್ಮ ಹತ್ರ ಏನಿದೆ? ಸುದ್ದಿ ಒಂದೇ. ಅದನ್ನೂ ಬಚ್ಚಿಟ್ರೆ ನಾವು ಯಾವುದನ್ನ ಹಿಡ್ಕೊಂಡು ಕೂರೋದು?"

ಊರುಗೋಲು ತೆಗೆದುಕೊಂಡು ಆಫ್ಕೆಯ ಹಿತ್ತಲಿಗೆ ಹೋದೆ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಹೇಳಿದೆ. ಮಕ್ಕುಮ್‌ನವನು ಹೇಳಿದ್ದನ್ನು ಹೇಳಿದ ಹಾಗೇ, ಏನೂ ಸೇರಿಸದೆ, ಏನೂ ಬಿಡದೆ.

ಅವಳು ಒದ್ದೆ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. "ಏನೋ ಆಗಿದೆ ಅಂತ ಗೊತ್ತಿತ್ತು," ಎಂದಳು. "ಮೊನ್ನೆಯಿಂದ ನೀವು ನನಗೆ ಎದ್ದು ಕುರ್ಚಿ ಕೊಡ್ತಿದೀರಿ."

ಆಮೇಲೆ ಕೇಳಿದಳು: "ನಡುಗಂಬ ಹೋದ್ರೆ ಹಡಗು ಮುಳುಗುತ್ತಾ?"

"ಮುಳುಗಲೇಬೇಕು ಅಂತಿಲ್ಲ. ಮುರಿದದ್ದನ್ನ ಕಡಿದು ನೀರಿಗೆ ಬಿಟ್ಟು, ಮುಂದಿನ ಕಂಬಕ್ಕೆ ಚಿಕ್ಕ ಹಾಯಿ ಕಟ್ಟಿ ಬದುಕಬಹುದು. ನಾನೊಮ್ಮೆ ಬದುಕಿದೀನಿ."

"ಅವರಿಗೆ ಅದು ಗೊತ್ತಾ?"

"ಆಗ ಕೊಡಲಿ ಹಿಡಿದಿದ್ದೇ ಅವನು."

ತಲೆಯಾಡಿಸಿದಳು. ಬುಟ್ಟಿ ನಾನು ಎತ್ತಿಕೊಂಡೆ. ಊರುಗೋಲಿನ ಜೊತೆಗೆ ಬುಟ್ಟಿ ಕಷ್ಟ.

ಜುಲೈ 14

ಚಿತ್ರಗಾರನಿಗೆ ಸುದ್ದಿ ಮುಟ್ಟಿ, ಕೆಲಸ ನಿಲ್ಲಿಸುತ್ತೇನೆಂದ. ಬೇಡವೆಂದವಳು ಆಫ್ಕೆಯೇ. "ಅಲ್ಲಾಡದೆ ಕೂರು ಅಂತ ಯಾರಾದ್ರೂ ಹೇಳಿದ್ರೆ ಸುಲಭ. ಮನೇಲಿ ಒಬ್ಬಳೇ ಕೂರೋಕಾಗಲ್ಲ."

ಹೀಗಾಗಿ ದಿನವೂ ನಾಲ್ವರೂ ಸೇರುತ್ತೇವೆ. ಅವರಿಬ್ಬರು ಕಿಟಕಿಯ ಹತ್ತಿರ, ಅವನು ಹಲಗೆಯೆದುರು, ನಾನು ಹಿಂದೆ. ಚಹಾ ಮಾಡುವುದು ಈಗ ನನ್ನ ಕೆಲಸ. ಅವರು ಏಳುವ ಹಾಗಿಲ್ಲವಲ್ಲ. ಮೊದಲ ದಿನ ಕಹಿ ಎಂದರು. ಈಗ ಏನೂ ಅನ್ನುವುದಿಲ್ಲ.

ಜುಲೈ 22

ಪತ್ರಿಕೆ ಬಂತು. ಇಲ್ಲ.

ಮನೆಗೆ ಬಂದು ಇಬ್ಬರೂ ತಮ್ಮ ಜಾಗದಲ್ಲಿ ಕೂತರು. ಆಚೆ ದಂಡೆಯ ಮೇಲೆ ಯಾರೋ ಮರದ ಚಪ್ಪಲಿ ಹಾಕಿಕೊಂಡು ಓಡುವ ಸದ್ದು ಕೇಳಿತು. ಆಫ್ಕೆಯ ಸೂಜಿ ನಿಂತಿತು, ರಿನ್ಸ್ಕೆಯ ಕೈಯ ಬಟ್ಟಲೂ ಅರ್ಧದಲ್ಲಿ ನಿಂತಿತು. ನಾನೂ ಬಾಗಿಲ ಕಡೆ ತಿರುಗಿದೆ. ಸದ್ದು ಸೇತುವೆ ದಾಟಿ ಹೊರಟುಹೋಯಿತು. ಯಾರದೋ ಮಗು.

"ಹಾಗೇ ಇರಿ," ಎಂದ ಚಿತ್ರಗಾರ ಮೆಲ್ಲಗೆ. ಸರಸರ ಬರೆದ.

ಸಂಜೆ ರಿನ್ಸ್ಕೆಯನ್ನು ಕೇಳಿದೆ: "ನಾನು ಹೋದಾಗಲೂ ಹೀಗೇನಾ?"

"ಹೀಗೇ."

"ಪ್ರತಿ ವರ್ಷ?"

"ಇಲ್ಲ, ಒಂದು ವರ್ಷ ಬಿಟ್ಟು ಒಂದು ವರ್ಷ," ಎಂದಳು. "ಪಾತ್ರೆ ಈ ಕಡೆ ಕೊಡು."

ಜುಲೈ 30

ಏನೂ ಇಲ್ಲ. ಆಫ್ಕೆಗೆ ಊಟ ಸೇರುತ್ತಿಲ್ಲ. ರಿನ್ಸ್ಕೆ ಮಜ್ಜಿಗೆ ಗಂಜಿ ಕಳಿಸಿದಳು. ತೆಗೆದುಕೊಂಡು ಹೋಗಿ, ತಿಂದು ಮುಗಿಸುವವರೆಗೂ ಕೂತಿದ್ದೆ.

ಆಗಸ್ಟ್ 6

ಬಂದ.

ಬೆಳಿಗ್ಗೆ ಮೀನಿನ ದೋಣಿಯಲ್ಲಿ. ಗಡ್ಡ ಬಿಟ್ಟು, ಕೈಗೆ ಪಟ್ಟಿ ಸುತ್ತಿಕೊಂಡು. ಹಡಗು ಆಮ್ಸ್ಟರ್‌ಡ್ಯಾಮಿನಲ್ಲಿದೆ, ಜನರೆಲ್ಲ ಇದ್ದಾರೆ, ಸರಕೂ ಬಹುಪಾಲು ಇದೆ. ಕಂಬ ಕಡಿದು, ಕುಂಟಿಕೊಂಡು ಸ್ವೀಡನ್ನಿನ ಒಂದು ಬಂದರು ಸೇರಿ, ಹೊಸ ಕಂಬ ನಿಲ್ಲಿಸಲು ಒಂದು ತಿಂಗಳು ಕಾದನಂತೆ. ಅವನನ್ನು ಮೊದಲು ಕಂಡವಳು ರಿನ್ಸ್ಕೆ. ಬಟ್ಟಲು ಕೆಳಗೆ ಬಿಟ್ಟು, "ಆಫ್ಕೆ! ಆಫ್ಕೆ!" ಎಂದು ಕೂಗುತ್ತ ಹಿತ್ತಲು ದಾಟಿ ಓಡಿದಳು.

ಮಧ್ಯಾಹ್ನ ಅವನು ನನ್ನನ್ನು ನೋಡಲು ಬಂದ. ಆಫ್ಕೆ ಅವನ ತೋಳು ಬಿಟ್ಟಿರಲಿಲ್ಲ. ಕಂಬ ಹೇಗೆ ಕಡಿದೆ, ಹಾಯಿ ಯಾವಾಗ ಇಳಿಸಿದೆ ಎಂದು ನಾನು ಕೇಳುವೆನೆಂದು ಸಿದ್ಧವಾಗಿ ನಿಂತಿದ್ದ. ನನ್ನ ಬಾಯಿಂದ ಬಂದದ್ದು ಬೇರೆ.

"ಒಂದು ತಿಂಗಳು ಬಂದರಲ್ಲಿ ಕೂತಿದ್ಯಲ್ಲ. ಒಂದು ಸಾಲು ಬರೆಯೋಕಾಗ್ಲಿಲ್ವಾ?"

"ನಾನೇ ಬರ್ತೀನಲ್ಲ ಕಪ್ತಾನರೇ, ಮತ್ತೆ ಪತ್ರ ಯಾಕೆ ಅಂತ..."

"ಅದನ್ನೇ ಬರೆಯೋದು! ಬರ್ತೀನಿ ಅಂತ ಬರೆಯೋದು! ಇಲ್ಲಿರೋರಿಗೆ ನಿನ್ನ ಹೊಟ್ಟೇಲಿರೋದು ಕಾಣುತ್ತಾ? ಪ್ರತಿ ಮಧ್ಯಾಹ್ನ ಇಲ್ಲಿ ಕೂತು ಚಪ್ಪಲಿ ಸದ್ದಿಗೆಲ್ಲ ಕಿವಿ ನಿಮಿರಿಸಿಕೊಂಡು... ಕತ್ತೆ ಕಣೋ ನೀನು!"

ಹುಡುಗ ಬೆಪ್ಪಾಗಿ ನಿಂತ. ಸಾಯದೆ ಬಂದವನಿಗೆ ಅಷ್ಟು ಬೈಯಬಾರದಿತ್ತೇನೋ. ರಿನ್ಸ್ಕೆ ನನ್ನನ್ನೇ ನೋಡುತ್ತಿದ್ದವಳು ಎದ್ದು ಹೊರಗೆ ಹೋದಳು. ಆಮೇಲೆ ನೋಡಿದರೆ ಕಣ್ಣು ಕೆಂಪಾಗಿತ್ತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದಳು. ರಾತ್ರಿ ಊಟಕ್ಕೆ ಪ್ಯಾನ್‌ಕೇಕು. ಅದರಲ್ಲಿ ಈರುಳ್ಳಿ ಇರಲಿಲ್ಲ.

ಆಗಸ್ಟ್ 12

ಚಿತ್ರ ಮುಗಿಯಿತು. ಚಿತ್ರಗಾರ ನಾಳೆ ಹೊರಡುತ್ತಾನೆ. ಎಲ್ಲರೂ ಸುತ್ತ ನಿಂತು ನೋಡಿದೆವು.

ಕೋಣೆ ಇರುವ ಹಾಗೇ ಇದೆ. ಉಪ್ಪಿನ ಜಾಡಿ ತನ್ನ ಜಾಗದಲ್ಲಿದೆ. ಆಫ್ಕೆ ಹೊಲಿಗೆಯ ಮೇಲೆ ಬಗ್ಗಿದ್ದಾಳೆ, ರಿನ್ಸ್ಕೆ ಬಟ್ಟಲು ಎತ್ತಿ ಕಿಟಕಿಯ ಕಡೆ ಮುಖ ತಿರುಗಿಸಿದ್ದಾಳೆ. ಹೊರಗಿನ ನೀರಿನ ಬೆಳಕು ಅವಳ ಕೆನ್ನೆಯ ಮೇಲೆ.

"ಎಂಥ ನೆಮ್ಮದಿ!" ಎಂದ ಸೀಬ್ರೆನ್. "ನಾವು ಅಲ್ಲಿ ಸಾಯ್ತಿದ್ರೆ ಇವರು ಇಲ್ಲಿ ಆರಾಮಾಗಿ ಚಹಾ ಕುಡೀತಿದ್ರು."

ಆಫ್ಕೆ ಅವನ ಪಕ್ಕೆಗೆ ತಿವಿದಳು, ತಮಾಷೆಗಲ್ಲ.

ಚಿತ್ರಗಾರ ನನ್ನತ್ತ ನೋಡಿದ. "ಆಮ್ಸ್ಟರ್‌ಡ್ಯಾಮಿನ ದೊಡ್ಡವರಿಗೂ ನೆಮ್ಮದಿಯಾಗೇ ಕಾಣುತ್ತೆ," ಎಂದ. "ಅವರು ಕೇಳಿದ್ದೂ ಅದನ್ನೇ. ನಾನು ಇದ್ದದ್ದನ್ನ ಇದ್ದ ಹಾಗೆ ಬರೆದೆ." ಮೂಗು ಒರೆಸಿಕೊಂಡು ಮತ್ತೆ ಹೇಳಿದ: "ಬೇಕಾದ್ರೆ ಇನ್ನೊಂದು ಪ್ರತಿ ಮಾಡಿ ನಿಮ್ಮನ್ನೂ ಅದರಲ್ಲಿ ಕೂರಿಸ್ತೀನಿ ಕಪ್ತಾನರೇ. ಎದುರುಗಡೆ ಜಾಗ ಇದೆ."

"ಬೇಡ," ಎಂದಳು ರಿನ್ಸ್ಕೆ. "ಇವನನ್ನ ಕಾಗದದ ಮೇಲೆ ಯಾಕೆ, ಇಲ್ಲೇ ಇದಾನಲ್ಲ."

ಇನ್ನೊಂದು ಸ್ವಲ್ಪ ಹೊತ್ತು ನೋಡುತ್ತೇನೆಂದೆ. ಬೆಳಕು ಹೋಗುವವರೆಗೂ ಅವನು ಚಿತ್ರವನ್ನು ಸುತ್ತಲಿಲ್ಲ.

ಅಕ್ಟೋಬರ್ 20

ಎಲ್ಲರೂ ದೊಡ್ಡ ಮನೆಗಳಿಗೆ ಮರಳುತ್ತಿದ್ದಾರೆ. ನಾವೂ ಬಂದೆವು. ಕಾಲು ಗಟ್ಟಿಯಾಗಿದೆ. ವಸಂತದಲ್ಲಿ ಟೋಬಿಯಾಸ್ ನನಗೇ ಎಂದು ಮಾಲೀಕರು ಬರೆದಿದ್ದಾರೆ. ಸೀಬ್ರೆನ್‌ಗೆ ಬೇರೊಂದು ಹಡಗು. ಈ ಮನೆ ಸಿಕ್ಕಾಪಟ್ಟೆ ದೊಡ್ಡದು. ರಿನ್ಸ್ಕೆ ಯಾವ ಕೋಣೆಯಲ್ಲಿದ್ದಾಳೆಂದು ಕೂಗಿ ಕೇಳಬೇಕು.

ಹೆಲ್ಸಿಂಗೋರ್ ಮುಂದೆ, ಲಂಗರಿನಲ್ಲಿ. 1768 ಏಪ್ರಿಲ್ 17

ಬೆಳಿಗ್ಗೆಯೇ ಸುಂಕ ಕಟ್ಟಿದ್ದಾಯಿತು. ಗಾಳಿ ವಾಯವ್ಯ, ಇದಕ್ಕಿಂತ ಒಳ್ಳೆಯ ಗಾಳಿ ಸಿಗಲಾರದು. ಸುತ್ತಲಿದ್ದ ಹಡಗುಗಳೆಲ್ಲ ಲಂಗರು ಎತ್ತಿದವು. "ಎತ್ತೋಣವಾ?" ಎಂದು ಹೊಸ ಸಹಾಯಕ ಬಂದು ಕೇಳಿದ.

ಮೊದಲು ಎಲ್ಲರೂ ಮನೆಗೆ ಬರೆಯಲಿ ಎಂದೆ.

"ಎಲ್ಲರೂನಾ?"

"ಎಲ್ಲರೂ. ಅಡುಗೆಯವನೂ."

ಬರೆಯಲು ಬಾರದವರು ನನ್ನ ಕೋಣೆಗೆ ಒಬ್ಬೊಬ್ಬರಾಗಿ ಬಂದು ಟೋಪಿ ಹಿಸುಕುತ್ತ ನಿಂತರು. ಏನು ಬರೆಸಬೇಕೆಂದು ಒಬ್ಬನಿಗೂ ತಿಳಿಯದು. "ಬರೆಯೋಕೆ ಏನಿದೆ ಕಪ್ತಾನರೇ, ಏನೂ ಆಗಿಲ್ವಲ್ಲ," ಎಂದ ಬಡಗಿ. ಏನೂ ಆಗಿಲ್ಲ ಅಂತಲೇ ಬರೆಸು ಎಂದೆ. ಬರೆಸಿದ. ಆಮೇಲೆ, ಹಲ್ಲುನೋವು ಹೋಗಿದೆ ಅಂತಲೂ ಬರೀರಿ, ಅವಳು ಕೇಳ್ತಿರ್ತಾಳೆ ಎಂದ. ಆಮೇಲೆ ಕಾಗದದ ಎರಡೂ ಮಗ್ಗುಲು ತುಂಬಿತು.

ಮುರಿದದ್ದು ಕಾಲೋ ತಲೆಯೋ ಎಂದು ಮೇಲೆ ಯಾರೋ ಅಂದದ್ದು ಕೇಳಿಸಿತು. ಸುಂಕದ ಕಟ್ಟೆಯಲ್ಲಿ ತಡವಾಯಿತು ಎಂದು ಮಾಲೀಕರಿಗೆ ಹೇಳಿದರಾಯಿತು.

ನನ್ನದನ್ನು ಕೊನೆಗೆ ಬರೆದೆ. ಎಲ್ಲರ ಪತ್ರ ಕಟ್ಟಿ ದೋಣಿಯಲ್ಲಿ ದಡಕ್ಕೆ ಕಳಿಸಿ, ಅದು ಮುಟ್ಟಿತೆಂದು ಕಣ್ಣಿಂದ ನೋಡಿದ ಮೇಲೆ ಲಂಗರು ಎತ್ತಿಸಿದೆ. ಅಷ್ಟರಲ್ಲಿ ಗಾಳಿ ಸ್ವಲ್ಪ ತಿರುಗಿತ್ತು. ಪರವಾಗಿಲ್ಲ.